ಕಾಣೆಯಾದ ಹಲ್ಲುಗಳ ಮೆಮೊ

ವಸ್ತುಸಂಗ್ರಹಾಲಯದ ಕೆಲಸಕ್ಕೆ ಸೇರಿ ಮೂರೇ ತಿಂಗಳಾಗಿತ್ತು. ವಾರ್ಷಿಕ ದಾಸ್ತಾನು ಪರಿಶೀಲನೆಯ ಜೊತೆಗೆ, ಸಸ್ತನಿಗಳ ಪ್ರದರ್ಶನಕ್ಕೆ ಒಂದು ಇಲಿಯ ಬುರುಡೆ, ಒಂದು ಜಿಂಕೆಯ ಬುರುಡೆ ಆರಿಸುವ ಕೆಲಸವೂ ನನ್ನ ತಲೆಗೇ ಬಿತ್ತು.

ಇಲಿಯದರಲ್ಲಿ ತಕರಾರಿರಲಿಲ್ಲ. ಹೆಬ್ಬೆರಳಿನ ತುದಿಯಷ್ಟು ಬುರುಡೆ, ಒಟ್ಟು 16 ಹಲ್ಲು. ಮುಂದಿನ ನಾಲ್ಕು ಬಾಚಿಹಲ್ಲುಗಳು ಬಾಗಿದ ಉಳಿಯಂತಿದ್ದವು. ಗಟ್ಟಿ ಎನಾಮಲ್ ಮುಂಬದಿಗೆ ಮಾತ್ರ. ಹಿಂಬದಿ ಬೇಗ ಸವೆಯುವುದರಿಂದ ಕಡಿದಷ್ಟೂ ಹರಿತವಾಗುವ ಹಲ್ಲು ಅದು.

ಜಿಂಕೆಯದನ್ನು ಎತ್ತಿದೆ. ಕೆಳದವಡೆಯ ಮುಂದೆ ಎಂಟು ಹಲ್ಲು ಸಾಲಾಗಿವೆ, ಮೇಲೆ ಒಂದೂ ಇಲ್ಲ. ನನ್ನ ತರ್ಕ ಸರಳವಾಗಿತ್ತು: ಎರಡಕ್ಕೂ ಮೈತುಂಬ ಕೂದಲು, ಎರಡೂ ಮರಿಗೆ ಹಾಲೂಡಿಸುತ್ತವೆ, ಕತ್ತಿನಲ್ಲಿ ಎರಡಕ್ಕೂ ಏಳೇ ಮೂಳೆ. ಇಲಿಗೇ ಇರುವ ಮೇಲಿನ ಬಾಚಿಹಲ್ಲು ಜಿಂಕೆಗಿಲ್ಲದೆ ಇರುತ್ತದೆಯೇ?

ಹಳೆಯ ಅಟೆಂಡರನ್ನು ಕರೆದು ಕೇಳಿದೆ. "ಅದಕ್ಕೆ ಇರುವುದಿಲ್ಲ ಸರ್" ಎಂದರು. ತಪ್ಪಿಸಿಕೊಳ್ಳುವ ಮಾತೆಂದುಕೊಂಡೆ. ರಿಜಿಸ್ಟರಿನಲ್ಲಿ ‘ಮೇಲಿನ ಬಾಚಿಹಲ್ಲುಗಳು ಕಾಣೆ, ನಿರ್ವಹಣೆಯಲ್ಲಿ ನಿರ್ಲಕ್ಷ್ಯ’ ಎಂದು ಬರೆದು, ಅವರ ಹೆಸರಿಗೆ ಮೆಮೊ ಹೊರಡಿಸಿದೆ.

ಮರುದಿನ ಮೇಲಧಿಕಾರಿಯ ಕೋಣೆಗೆ ಅವರು ದೊಡ್ಡ ಟ್ರೇ ಹೊತ್ತು ಬಂದರು. ಮೇಜಿನ ಮೇಲೆ ಒಂದೊಂದಾಗಿ ಐದು ಜಿಂಕೆ ಬುರುಡೆಗಳನ್ನು, ಮೂತಿ ನನ್ನ ಕಡೆಗೆ ಮಾಡಿ, ಇಟ್ಟರು. ಐದರಲ್ಲೂ ಮೇಲ್ದವಡೆಯ ಮುಂಭಾಗ ಬೋಳು.

"ಇವನ್ನೂ ನಾನೇ ಕಿತ್ತೆನೇ ಸರ್?"

ಯಾರೂ ಮಾತಾಡಲಿಲ್ಲ. ಏನಾದರೂ ಮಾಡಬೇಕಲ್ಲ ಎಂದು ಮೊದಲ ಬುರುಡೆಯ ಅಂಚಿನ ಮೇಲೆ ಬೆರಳಾಡಿಸಿದೆ. ನುಣ್ಣಗಿತ್ತು. ಹಲ್ಲು ಉದುರಿದ್ದರೆ ಅದು ಕೂತಿದ್ದ ಗುಳಿಯಾದರೂ ಉಳಿಯಬೇಕಿತ್ತು, ಒಂದೂ ಇರಲಿಲ್ಲ. ಜೀವಂತ ಜಿಂಕೆಗೆ ಅಲ್ಲಿರುವುದು ಗಟ್ಟಿಯಾದ ಮೆತ್ತೆ. ಕೆಳಗಿನ ಹಲ್ಲುಗಳಿಂದ ಹುಲ್ಲನ್ನು ಅದಕ್ಕೊತ್ತಿ ಹಿಡಿದು ಹರಿಯುತ್ತದೆ, ಅರೆಯುವ ಕೆಲಸ ದವಡೆಹಲ್ಲುಗಳಿಗೆ, ಆಮೇಲೆ ಮೆಲುಕು. ಇಷ್ಟನ್ನೂ ಓದಿ ಪರೀಕ್ಷೆ ಪಾಸಾದವನು ನಾನು. ಬುರುಡೆಯನ್ನು ತಿರುಗಿಸಿ ನೋಡುವ ಅರ್ಧ ನಿಮಿಷ ಮಾತ್ರ ನನಗೆ ಸಿಕ್ಕಿರಲಿಲ್ಲ.

ರಿಜಿಸ್ಟರನ್ನೂ ಬೈಯದೆ ಇರಲಾರೆ. ಯಾವ ಪ್ರಾಣಿಯಾದರೂ ಅದರಲ್ಲಿ ‘ಹಲ್ಲು: ಪೂರ್ಣ/ಅಪೂರ್ಣ’ ಎಂಬ ಒಂದೇ ಕಾಲಂ. ಪುಣ್ಯಕ್ಕೆ ನಮ್ಮಲ್ಲಿ ಹಕ್ಕಿಯ ಬುರುಡೆಗಳಿರಲಿಲ್ಲ.

ಮೆಮೊ ಹಿಂಪಡೆದೆ, ಕ್ಷಮೆಯನ್ನೂ ಕೇಳಿದೆ. ರಿಜಿಸ್ಟರಿನ ನಮೂದು ಅಳಿಸಲು ಮೂರು ಸಹಿ ಬೇಕಂತೆ. ಒಂದು ಇನ್ನೂ ಬಾಕಿ ಇದೆ. ಪ್ರತಿ ವರ್ಷ ಲೆಕ್ಕಪರಿಶೋಧಕರು ಹಲ್ಲುಗಳು ಪತ್ತೆಯಾದವೇ ಎಂದು ಕೇಳುತ್ತಾರೆ. ಅಟೆಂಡರು ತುಟಿ ಬಿಚ್ಚದೆ ನನ್ನ ಕಡೆ ಕೈ ತೋರಿಸುತ್ತಾರೆ.