ಹದಿನಾಲ್ಕಾಗಿಬಿಟ್ಟ ಹದಿನೈದನೇ ತಾರೀಕು

ಅರ್ಜಿಯಲ್ಲಿ ಹುಟ್ಟಿದ ದಿನ 15 ಎಂದು ತುಂಬಿದರೆ ಪಿಡಿಎಫ್‌ನಲ್ಲಿ 14 ಬರುತ್ತಿತ್ತು. ತಪ್ಪುಗಳನ್ನು ದಾಖಲಿಸುವ ಜಿರಾ ತಂತ್ರಾಂಶದಲ್ಲಿ ಬಗ್ ಹಾಕಿದೆ. ಅರ್ಧ ಗಂಟೆಯಲ್ಲಿ ವಾಪಸ್: 'ಕೆನಾಟ್ ರಿಪ್ರೊಡ್ಯೂಸ್', ಅಂದರೆ ನಮ್ಮಲ್ಲಿ ಈ ತಪ್ಪು ಕಾಣುತ್ತಿಲ್ಲ. ಮತ್ತೆ ತೆರೆದೆ, ಮತ್ತೆ ಮುಚ್ಚಿದರು. ಮೂರನೇ ಸಲ ಡೆವಲಪರ್ ಸೀಟಿಗೇ ಹೋದೆ. "ನೋಡಿ ಮೇಡಂ, ನನ್ನ ಮಷೀನ್‌ನಲ್ಲಿ ಸರಿಯಾಗೇ ಬರ್ತಿದೆ" ಎಂದು ಲ್ಯಾಪ್‌ಟಾಪ್ ತಿರುಗಿಸಿದರು. ನಿಜ, ಅಲ್ಲಿ 15 ಇತ್ತು.

ಆಗ ನಾನು ಟೆಸ್ಟಿಂಗ್‌ಗೆ ಬಂದು ಐದು ವರ್ಷ. ವೆಬ್ ಪುಟಗಳನ್ನು ತಾನಾಗಿ ಪರೀಕ್ಷಿಸುವ ಸೆಲೆನಿಯಂ ಸ್ಕ್ರಿಪ್ಟ್ ಬರೆಯಲೆಂದು ಕಲಿತ ಜಾವಾ ಪ್ರೋಗ್ರಾಮಿಂಗ್ ಭಾಷೆ ಕೈಯಲ್ಲಿತ್ತು. ಆದರೆ ಡೆವಲಪರ್ ಕೆಲಸ ಕೇಳಿಕೊಂಡು ಹೋದಲ್ಲೆಲ್ಲ ಒಂದೇ ಮಾತು: "ನಿಮ್ಮದು ಟೆಸ್ಟಿಂಗ್ ಅನುಭವ ಅಲ್ವಾ, ಫ್ರೆಷರ್ ಸಂಬಳಕ್ಕಾದರೆ ನೋಡೋಣ." ಮನೆ ಸಾಲದ ಕಂತು ಕಟ್ಟುವವಳಿಗೆ ಅದು ಆಗಿಬರುವಂಥದ್ದಲ್ಲ.

ಅವತ್ತು ಸಂಜೆ 500ಡಿ ಬಸ್ಸು ಮಾರತ್ತಹಳ್ಳಿ ಹತ್ತಿರ ನಿಂತಲ್ಲೇ ನಿಂತಿತ್ತು. ಗಡಿಯಾರ ನೋಡಿಕೊಂಡಾಗ ಹೊಳೆಯಿತು. ಅವರ ಲ್ಯಾಪ್‌ಟಾಪ್ ಓಡುವುದು ನಮ್ಮ ಸಮಯದಲ್ಲಿ, ಸರ್ವರ್ ಯುಟಿಸಿ ಎಂಬ ಜಾಗತಿಕ ಸಮಯದಲ್ಲಿ. ನಾವು ಐದೂವರೆ ಗಂಟೆ ಮುಂದೆ. ಜಾವಾದ ಹಳೆಯ ಡೇಟ್‌ನಲ್ಲಿ ತಾರೀಕಿಗೆ ಗಂಟೆಯೂ ಅಂಟಿಕೊಂಡಿರುತ್ತದೆ; ಬರೀ ತಾರೀಕು ಕೊಟ್ಟರೆ ರಾತ್ರಿ 12 ಎಂದು. ಇಲ್ಲಿ ರಾತ್ರಿ 12 ಹೊಡೆದು 15 ಹುಟ್ಟುವಾಗ ಅಲ್ಲಿನ್ನೂ 14ರ ಸಂಜೆ 6.30!

ಮರುದಿನ ಲೀಡ್ ಹತ್ತಿರ ಹೋಗಿ, "ಸರ್, ಇದನ್ನ ನಾನೇ ಸರಿಮಾಡ್ಲಾ?" ಎಂದೆ. ಒಂದು ಕ್ಷಣ ಮುಖ ನೋಡಿ, "ಮಾಡಿ, ಬ್ರಾಂಚ್ ತಗೊಳ್ಳಿ" ಎಂದರು. ಬ್ರಾಂಚ್ ಅಂದರೆ ತಿದ್ದಲು ತೆಗೆದುಕೊಳ್ಳುವ ಕೋಡ್‌ನ ಪ್ರತ್ಯೇಕ ಪ್ರತಿ. 2014ರಲ್ಲಿ ಜಾವಾ 8ರ ಜೊತೆ ಬಂದ ಲೋಕಲ್‌ಡೇಟ್‌ಗೆ ಗಂಟೆಯ ಗೊಡವೆಯೇ ಇಲ್ಲ, ಬರೀ ತಾರೀಕು. ಏಳೆಂಟು ಸಾಲು ಬದಲಿಸಿ, ನೋಡಿ ಸೇರಿಸಿಕೊಳ್ಳಿ ಎಂದು ಕೇಳುವ ಪುಲ್ ರಿಕ್ವೆಸ್ಟ್ ಕಳಿಸಿದೆ. ಹನ್ನೊಂದು ಕಾಮೆಂಟ್ ಬಂದವು. ಅದರಲ್ಲೊಂದು, "ಯುನಿಟ್ ಟೆಸ್ಟ್ ಎಲ್ಲಿ?" ಬರೆದ ಕೋಡ್‌ನ ತುಣುಕನ್ನು ಪರೀಕ್ಷಿಸುವ ಪುಟ್ಟ ಕೋಡ್ ಅದು. ಟೆಸ್ಟರ್ ಆಗಿದ್ದುಕೊಂಡು ಇದನ್ನು ಕೇಳಿಸಿಕೊಳ್ಳುವ ಭಾಗ್ಯ! ಕಿವಿ ಬಿಸಿಯಾಯಿತು. ಕೂತು ಬರೆದೆ.

ಆಮೇಲೆ ಸಣ್ಣಪುಟ್ಟ ಬಗ್‌ಗಳು ನನ್ನ ಪಾಲಿಗೆ ಬರತೊಡಗಿದವು. ಎಂಟು ತಿಂಗಳಿಗೆ ಅದೇ ಸಂಬಳದಲ್ಲಿ ಟೀಮ್ ಬದಲಾಯಿತು. ಸಂಬಳ ಏರದಿದ್ದಕ್ಕೆ ಇವತ್ತಿಗೂ ಸಿಟ್ಟಿದೆ, ಸುಳ್ಳೇಕೆ.

ಡೆವಲಪರ್ ಆಗಿ ಮೊದಲು ಬರೆದದ್ದು ಹೆಸರು ತುಂಬುವ ಫಾರ್ಮ್. ಅದೂ ಇದೂ ಎಲ್ಲ ಪರೀಕ್ಷಿಸಿ, ಇದರಲ್ಲಿ ಯಾರು ಏನು ಹುಡುಕುತ್ತಾರೋ ನೋಡೇಬಿಡೋಣ ಎಂಬ ಜಂಬದಲ್ಲಿ ಕೊಟ್ಟೆ. ಊಟಕ್ಕೆ ಮುಂಚೆಯೇ ಹೊಸ ಟೆಸ್ಟರ್ ಹುಡುಗಿ ಬಂದು ನಿಂತಳು.

"ಅಕ್ಕಾ, ಸರ್‌ನೇಮ್‌ಗೆ ಕಡಿಮೆ ಅಂದ್ರೂ ಎರಡು ಅಕ್ಷರ ಬೇಕಂತೆ. ನಂದು ಬರೀ 'ಎಸ್'. ಏನ್ ಹಾಕ್ಲಿ?"

ಕೊರಳಲ್ಲಿ ನೇತಾಡುತ್ತಿದ್ದ ನನ್ನ ಐಡಿ ಕಾರ್ಡ್ ನೋಡಿಕೊಂಡೆ. ನನ್ನದೂ ಒಂದೇ ಅಕ್ಷರ.