ಯುಕುಲೆಲೆ ಜೊತೆ ಘಟ್ಟ ಇಳಿದ ದಿನ

ಮಾರ್ಚ್ ತಿಂಗಳಲ್ಲಿ ಬೆಂಗಳೂರಿನ ಗಾಳಿ ಒಣಗಿ ಹೋಗಿರುತ್ತದೆ. ಮಧ್ಯಾಹ್ನದ ಹೊತ್ತಿಗೆ ತೇವಾಂಶ ಎಷ್ಟೋ ದಿನ ಶೇ. 30ಕ್ಕಿಂತ ಕೆಳಗೆ ಇಳಿಯುತ್ತದೆ. ಅದೇ ಹೊತ್ತಿಗೆ ಮಂಗಳೂರಿನಲ್ಲಿ ಮೈಗೆ ಅಂಗಿ ಅಂಟುತ್ತಿರುತ್ತದೆ. ನಮಗಾದರೆ ಇದು ಬರೀ ಬೆವರಿನ ವಿಷಯ, ಆದರೆ ಗಿಟಾರಿನ ಹಾಗಿರುವ, ನಾಲ್ಕು ತಂತಿಯ ಪುಟ್ಟ ವಾದ್ಯ ಯುಕುಲೆಲೆಯ ಮುಂಭಾಗದ ಹಲಗೆ ಹೆಚ್ಚುಕಡಿಮೆ 2 ಮಿಲಿಮೀಟರ್ ದಪ್ಪ ಅಷ್ಟೇ ಇರುವುದು, ಒಣಗಿದರೆ ಅದು ಬಿರುಕು ಬಿಡುತ್ತದೆ, ತೇವ ಕುಡಿದರೆ ಉಬ್ಬುತ್ತದೆ.

ಮಂಗಳೂರಿನಲ್ಲಿರುವ ಅಕ್ಕನ ಮಗಳು ಯುಕುಲೆಲೆ ಕಲಿಯಬೇಕು ಅಂತ ಹಟ ಹಿಡಿದಿದ್ದಳು. ಹಾಗಾಗಿ ನನ್ನದನ್ನು ತೆಗೆದುಕೊಂಡು ಬೆಳಗಿನ ರೈಲು ಹತ್ತಿದೆ. ನನ್ನದು ಕಾನ್ಸರ್ಟ್ ಸೈಜಿನದು, 23 ಇಂಚು, ಪೂರ್ತಿ ಮಹಾಗನಿ ಮರದ್ದು. ಪದರ ಪದರ ಅಂಟಿಸಿದ ಲ್ಯಾಮಿನೇಟ್ ಆಗಿದ್ದರೆ ಇಷ್ಟು ಯೋಚನೆ ಬೇಕಿರಲಿಲ್ಲ, ಅದು ಹವೆ ಬದಲಾದರೂ ತಡೆದುಕೊಳ್ಳುತ್ತದೆ. ಊರೂರು ಸುತ್ತುವವರು ಮೊದಲು ಲ್ಯಾಮಿನೇಟೇ ಕೊಳ್ಳಲಿ ಅಂತ ನಾನು ಎಲ್ಲರಿಗೂ ಹೇಳುತ್ತೇನೆ. ಆದರೆ ಇಡೀ ಹಲಗೆಯಲ್ಲಿ ಮಾಡಿದ ವಾದ್ಯದ ನಾದವನ್ನು ಆ ಹುಡುಗಿ ಒಮ್ಮೆಯಾದರೂ ಹತ್ತಿರದಿಂದ ಕೇಳಬೇಕು ಅನ್ನೋದು ನನ್ನ ಆಸೆ.

ಗಟ್ಟಿ ಪೆಟ್ಟಿಗೆಯೊಳಗೆ ಒಂದು ಸೋಪಿನ ಡಬ್ಬಿ ಇರುತ್ತದೆ. ಅದಕ್ಕೆ ತೂತು ಮಾಡಿ, ಒದ್ದೆ ಮಾಡಿ ಚೆನ್ನಾಗಿ ಹಿಂಡಿದ ಸ್ಪಂಜಿನ ತುಂಡು ಇಟ್ಟಿದ್ದೇನೆ. ಬೆಂಗಳೂರಿನ ಬೇಸಿಗೆ ಕಳೆಯುವುದು ಇದರಿಂದಲೇ. ಪಕ್ಕದಲ್ಲಿ ತೇವಾಂಶ ತೋರಿಸುವ ಪುಟ್ಟ ಮೀಟರ್. ಅದು 45ರಿಂದ 55ರ ಒಳಗಿದ್ದರೆ ನನಗೆ ನೆಮ್ಮದಿ. ಯುಕುಲೆಲೆಯ ಕತ್ತಿನ ಕೆಳಗೆ ಮಡಚಿದ ಬೈರಾಸು ಇಟ್ಟೆ, ಪೆಟ್ಟಿಗೆ ಕುಲುಕಿದರೂ ತಲೆಭಾಗಕ್ಕೆ ಏಟು ಬೀಳಬಾರದು ಅಂತ. ತಂತಿಗಳನ್ನು ಪೂರ್ತಿ ಸಡಿಲ ಮಾಡಬೇಕಾಗಿಲ್ಲ, ಅರ್ಧ ಸ್ವರ ಇಳಿಸಿದರೆ ಸಾಕು.

ರೈಲಿನಲ್ಲಿ ಜಾಗದ್ದೇ ಚಿಂತೆ. ಮೇಲಿನ ರ‍್ಯಾಕಿನಲ್ಲಿ ಇಟ್ಟರೆ ಯಾರಾದರೂ ಸೂಟ್‌ಕೇಸ್ ತಳ್ಳುತ್ತಾರೆ, ಕಿಟಕಿ ಪಕ್ಕ ಇಟ್ಟರೆ ಬಿಸಿಲು. ಬಿಸಿಲನ್ನು ಕಂಡರೆ ನನಗೆ ನಿಜಕ್ಕೂ ಭಯ. ಗೆಳೆಯನೊಬ್ಬ ಏಪ್ರಿಲ್‌ನಲ್ಲಿ ಮೈಸೂರಿನಲ್ಲಿ ತನ್ನ ಯುಕುಲೆಲೆಯನ್ನು ಕಾರೊಳಗೆ ಬಿಟ್ಟು ಊಟಕ್ಕೆ ಹೋಗಿ ಬರುವಷ್ಟರಲ್ಲಿ ಅಂಟು ಮೆತ್ತಗಾಗಿ, ತಂತಿಗಳ ಎಳೆತಕ್ಕೆ ಬ್ರಿಜ್ (ಹಲಗೆಯ ಮೇಲೆ ತಂತಿ ಕಟ್ಟುವ ಪಟ್ಟಿ) ಎದ್ದು ಬಂದಿತ್ತು. ಪೆಟ್ಟಿಗೆಯನ್ನು ತೊಡೆಯ ಮೇಲೆ ಇಟ್ಟುಕೊಂಡೇ ಕೂತೆ. ಎದುರಿನ ಸೀಟಿನ ಅಜ್ಜಿ, "ಪಿಟೀಲೇನಪ್ಪಾ?" ಅಂತ ಕೇಳಿದರು. ಅಲ್ಲ ಅಜ್ಜಿ ಅಂತ ತೆಗೆದು ತೋರಿಸಿದೆ. "ಇಷ್ಟೇ ಇಷ್ಟಿದೆ, ನುಡಿಸು ನೋಡೋಣ" ಅಂದರು.

ಸಕಲೇಶಪುರ ದಾಟಿ ಘಟ್ಟ ಶುರುವಾಗಿತ್ತು. ಅಲ್ಲಿಂದ ಸುಬ್ರಹ್ಮಣ್ಯ ರೋಡ್‌ವರೆಗೆ 57 ಸುರಂಗಗಳಿವೆ, ರೈಲು ನಿಧಾನ ಇಳಿಯುತ್ತದೆ. ದಾಸರ ಪದವೊಂದನ್ನು ನುಡಿಸಿದೆ. ಸುರಂಗದೊಳಗೆ ಹುಡುಗರ ಕೂಗಿಗೆ ಏನೂ ಕೇಳಿಸುವುದಿಲ್ಲ, ಹೊರಗೆ ಬಂದ ತಕ್ಷಣ ಮತ್ತೆ ಶುರು, ಅಜ್ಜಿ ಪ್ರತಿ ಸಲ ಬಿಟ್ಟ ಸಾಲಿನಿಂದಲೇ ಹಿಡಿದು ಹಾಡುತ್ತಿದ್ದರು. ಯುಕುಲೆಲೆಯ ದೊಡ್ಡ ಗುಣವೇ ಇದು ಅಲ್ವಾ? ಇಕ್ಕಟ್ಟಿನ ಸೀಟಿನಲ್ಲೂ ಮೊಣಕೈ ಯಾರಿಗೂ ತಾಗದ ಹಾಗೆ ನುಡಿಸಬಹುದು.

ಘಟ್ಟ ಇಳಿಯುತ್ತಿದ್ದ ಹಾಗೆ ತಂತಿಗಳ ಶ್ರುತಿ ಜಾರಿತು. ಸುಬ್ರಹ್ಮಣ್ಯ ರೋಡಿನಲ್ಲಿ ನೋಡಿದರೆ ಮೀಟರ್ 60 ದಾಟಿದೆ. ಸೋಪಿನ ಡಬ್ಬಿ ಹೊರಗೆ, ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣಗಳು ಒಳಗೆ. ಕರಾವಳಿಯಲ್ಲಿ ಆ ಸ್ಪಂಜು ಪೆಟ್ಟಿಗೆಯಲ್ಲೇ ಉಳಿದರೆ ಒಳಗಿನ ಬಟ್ಟೆಗೆ ಬೂಸ್ಟು ಹಿಡಿಯುತ್ತದೆ.

ಮನೆ ಮುಟ್ಟಿದ ಮೇಲೂ ಪೆಟ್ಟಿಗೆ ತೆರೆಯಲು ಬಿಡಲಿಲ್ಲ. ಮರ ನಿಧಾನ ಹೊಂದಿಕೊಳ್ಳಲಿ, ಊಟ ಆಗಲಿ ಅಂದೆ. ಅಕ್ಕನ ಮಗಳಿಗೆ ಸಿಟ್ಟು. ಭಾವ ಮಾತ್ರ ಒಪ್ಪಿದರು, ಅವರು ಹವ್ಯಾಸಕ್ಕೆ ಮದ್ದಳೆ ನುಡಿಸುವವರು. "ಹೌದು ಮಾರಾಯ, ಮಳೆಗಾಲದಲ್ಲಿ ನಮ್ಮ ಮದ್ದಳೆಯದ್ದೂ ಇದೇ ಕತೆ."

ಕಾಯುವ ಹೊತ್ತಿಗೆ ಅವಳಿಗೆ ಕೋಂಟರ್ ಕತೆ ಹೇಳಿದೆ. 1926ರಲ್ಲಿ ಅಮೆರಿಕದ ನೌಕಾಧಿಕಾರಿ ರಿಚರ್ಡ್ ಬರ್ಡ್ ಅವರ ತಂಡ ಉತ್ತರ ಧ್ರುವದ ಕಡೆ ವಿಮಾನ ಹಾರಿಸಿತು. ತಂಡದಲ್ಲಿದ್ದ ನಾವಿಕ ರಿಚರ್ಡ್ ಕೋಂಟರ್‌ಗೆ ವಿಮಾನದಲ್ಲಿ ಜಾಗ ಇರಲಿಲ್ಲ. ಆದರೆ ಪೈಲಟ್ ಫ್ಲಾಯ್ಡ್ ಬೆನೆಟ್ ಅವನ ಮಾರ್ಟಿನ್ ಕಂಪನಿಯ ಯುಕುಲೆಲೆಯನ್ನು ಬಚ್ಚಿಟ್ಟುಕೊಂಡು ಹಾರಿದ. ವಿಮಾನ ನಿಜವಾಗಿ ಧ್ರುವ ಮುಟ್ಟಿತೇ ಅನ್ನೋದರ ಬಗ್ಗೆ ಇವತ್ತಿಗೂ ವಾದ ಇದೆ. ಆ ಯುಕುಲೆಲೆ ಮಾತ್ರ ಧ್ರುವ ಅನ್ವೇಷಕ ಅಮುಂಡ್‌ಸೆನ್, ವಿಜ್ಞಾನಿ ಎಡಿಸನ್ ಸೇರಿ ನೂರಕ್ಕೂ ಹೆಚ್ಚು ಜನರ ಸಹಿ ಹೊತ್ತು ಮಾರ್ಟಿನ್ ಕಂಪನಿಯ ಮ್ಯೂಸಿಯಂನಲ್ಲಿದೆ. ಈ ವಾದ್ಯ ಹುಟ್ಟಿದ್ದೇ ಪ್ರಯಾಣದಿಂದ ಅಂತಲೂ ಹೇಳಿದೆ. 1879ರಲ್ಲಿ ಪೋರ್ಚುಗಲ್‌ನ ಮಡೀರಾ ದ್ವೀಪದಿಂದ ಸುಮಾರು ನಾಲ್ಕು ತಿಂಗಳು ಹಡಗಿನಲ್ಲಿ ಹವಾಯಿಗೆ ಬಂದವರಲ್ಲಿ ಮೂವರು ಮರಗೆಲಸದವರಿದ್ದರು. ತಮ್ಮ ದ್ವೀಪದ ಪುಟ್ಟ ವಾದ್ಯವನ್ನು ಅಲ್ಲಿನ ಕೋವಾ ಮರದಲ್ಲಿ ಮಾಡಿ ಮಾರಿದವರು ಅವರೇ.

ಕೊನೆಗೂ ಪೆಟ್ಟಿಗೆ ತೆರೆದೆವು. ಬಿರುಕಿಲ್ಲ, ಉಬ್ಬಿಲ್ಲ. ಶ್ರುತಿ ಮಾಡಿ ಕೊಟ್ಟೆ. ಕೆಳಗಿನ ತಂತಿಯ ಮೂರನೇ ಮನೆಯಲ್ಲಿ ಒಂದೇ ಬೆರಳು ಇಟ್ಟು ಎಲ್ಲ ತಂತಿ ಒಟ್ಟಿಗೆ ಮೀಟಿದರೆ ಸಿ ಕಾರ್ಡ್, ಅಂದರೆ ಒಟ್ಟಿಗೆ ಮೊಳಗುವ ಸ್ವರಗಳ ಗುಂಪು. ಅವಳು ಮೀಟಿದಾಗ ಅಕ್ಕ ಅಡುಗೆಮನೆಯಿಂದ ಓಡಿ ಬಂದಳು.

"ಸಂಜೆ ಇದನ್ನು ಸಮುದ್ರಕ್ಕೆ ತಕೊಂಡು ಹೋಗುವಾ ಮಾವ, ಹವಾಯಿಯಲ್ಲೂ ಸಮುದ್ರ ಉಂಟಲ್ವಾ?"

ಒಳ್ಳೆಯ ಪ್ರಶ್ನೆಯೇ. ಆದರೆ ಮರಳು ಶ್ರುತಿ ತಿರುಗಿಸುವ ಬಿರಡೆಯ ಹಲ್ಲುಗಳಿಗೆ ಸಿಕ್ಕಿಕೊಳ್ಳುತ್ತದೆ, ಉಪ್ಪು ಗಾಳಿಗೆ ತುಕ್ಕು ಬೇರೆ. ಇದು ಬೇಡ ಅಂದೆ. ಪ್ಲಾಸ್ಟಿಕ್ ಮೈಯ ಯುಕುಲೆಲೆಗಳೂ ಸಿಗುತ್ತವೆ, ನೀರು ಬಿದ್ದರೆ ಒರೆಸಿದರೆ ಆಯಿತು. ಅವತ್ತು ರಾತ್ರಿಯೇ ಅವಳ ಹೆಸರಿಗೆ ಒಂದು ಆರ್ಡರ್ ಮಾಡಿದೆ, ಹಳದಿ ಬಣ್ಣದ್ದು, ಅವಳೇ ಆರಿಸಿದ್ದು.