ಜೈಲು ಡೈರಿ ಅನುವಾದ: ‘ಒಳಗಿದ್ದಾಗ’ ಅಂತೂ ಇಂಗ್ಲಿಷಿಗೆ ಬಂತು

ದೊಡ್ಡಪ್ಪನ ತುರ್ತು ಪರಿಸ್ಥಿತಿ ಡೈರಿಯಲ್ಲಿ ನನ್ನನ್ನು ಜಾಸ್ತಿ ಕಾಡಿದ್ದು ಒಂದೇ ಸಾಲು: ‘ನಾವು ಒಳಗಿದ್ದಾಗ ಕೋರ್ಟಿನ ಮುಖವನ್ನೇ ನೋಡಲಿಲ್ಲ.’ ಇವತ್ತು ಅದು ಇಂಗ್ಲಿಷಿನಲ್ಲಿ ಸರಿಯಾಗಿ ಕೂತಿತು. ಟೈಪಿಂಗ್, ತಾರೀಖು ತಾಳೆ ನೋಡುವುದು ನಿಮಗೂ ಗೊತ್ತಿರುವ ಕೆಲಸ, ಬಿಡಿ. ಸ್ಕ್ಯಾನ್ ಅಂಗಡಿಯವರ ಮೇಲೆ ಮಾತ್ರ ಇನ್ನೂ ಸಿಟ್ಟಿದೆ. ದೊಡ್ಡಪ್ಪ ಪುಟದ ಅಂಚಿನಲ್ಲೆಲ್ಲ ಬರೆದಿದ್ದಾರೆ, ಇವರು ಆ ಅಂಚನ್ನೇ ಕತ್ತರಿಸಿ ಪೂರ್ತಿ ದುಡ್ಡು ತಗೊಂಡರು.

‘ಒಳಗಿದ್ದಾಗ’ ಅನ್ನುವುದಕ್ಕೆ ‘ಇಂಪ್ರಿಸನ್ಡ್’ ಅಂದರೆ ತೀರ್ಪು, ಶಿಕ್ಷೆ ಎಲ್ಲ ಆಗಿದೆ ಅನ್ನಿಸುತ್ತದೆ. ದೊಡ್ಡಪ್ಪನಿಗೆ ವಿಚಾರಣೆಯೇ ಇರಲಿಲ್ಲ. 1971ರ ಮೀಸಾ (ಆಂತರಿಕ ಭದ್ರತೆ) ಕಾಯ್ದೆಯಡಿ ಒಂದು ಆದೇಶ, ಅಷ್ಟೇ. ‘ಅರೆಸ್ಟೆಡ್’ ಹಿಡಿದ ಗಳಿಗೆಗೆ ಮಾತ್ರ ಸರಿ. ‘ಡಿಟೈನ್ಡ್’ ಕಾನೂನಿನ ಪದವೇ, ಆದರೆ ಏರ್‌ಪೋರ್ಟಿನಲ್ಲಿ ಒಂದು ಗಂಟೆ ಕೂರಿಸಿದರೂ ಹಾಗೇ ಅಂತಾರೆ. ಹೀಗೆ ಬಂಧನದಲ್ಲಿ ಇಟ್ಟವರಿಗೆ ನಮ್ಮ ಕೋರ್ಟುಗಳು ಬರೆಯುವ ‘ಡಿಟೆನ್ಯೂ’ ನ್ಯೂಜೆರ್ಸಿಯಲ್ಲಿ ಬೆಳೆದ ದೊಡ್ಡಪ್ಪನ ಮೊಮ್ಮಗಳಿಗೆ ಅರ್ಥವಾಗಲಿಲ್ಲ. ಅವಳಿಗೆ ಗೊತ್ತಿರುವುದು ‘ಡಿಟೈನೀ’.

‘ಕನ್‌ಫೈನ್ಡ್’ ಅಂದರೆ ಎಲ್ಲಿಗೆ ಅಂತಲೂ ಹೇಳಬೇಕು: ಹಾಸಿಗೆಗೋ, ಕೋಣೆಗೋ. ‘ಸಾಲಿಟರಿ ಕನ್‌ಫೈನ್‌ಮೆಂಟ್’ ಅಂದರೆ ಒಂಟಿ ಸೆಲ್ಲು. ಅದನ್ನು ನಟಿ ಸ್ನೇಹಲತಾ ರೆಡ್ಡಿಯವರ ವಿಷಯ ಬರುವ ಪುಟಕ್ಕೇ ಉಳಿಸಿದ್ದೇನೆ. ಬೆಂಗಳೂರು ಸೆಂಟ್ರಲ್ ಜೈಲಿನಲ್ಲಿ, ಈಗಿನ ಫ್ರೀಡಂ ಪಾರ್ಕಿನಲ್ಲಿ, ಆಸ್ತಮಾದಿಂದ ನರಳಿದ ಅವರು 1977ರ ಜನವರಿಯಲ್ಲಿ ಪೆರೋಲ್ ಮೇಲೆ ಹೊರಬಂದು ಕೆಲವೇ ದಿನಗಳಲ್ಲಿ ತೀರಿಕೊಂಡರು. ಬ್ಯಾರಕ್ಕಿನಲ್ಲಿ ಎಲ್ಲರ ಜೊತೆ ಇದ್ದ ದೊಡ್ಡಪ್ಪನಿಗೂ ಅದೇ ಪದ ಹಾಕಿದರೆ ಅನ್ಯಾಯ ಅಲ್ವಾ?

ಬರೀ ‘ಕನ್‌ಫೈನ್‌ಮೆಂಟ್’ ಅಂದರೆ ಹಳೆಯ ಇಂಗ್ಲಿಷಿನಲ್ಲಿ ಹೆರಿಗೆ, ಬಾಣಂತನ! ಸಿಂಗಪುರ, ಮಲೇಷ್ಯಾದಲ್ಲಿ ಬಾಣಂತಿ ಊಟಕ್ಕೆ ಈಗಲೂ ‘ಕನ್‌ಫೈನ್‌ಮೆಂಟ್ ಫುಡ್’ ಅಂತಾರೆ. ಅಜ್ಜಿಯ ಬಾಣಂತನದ ನೋಟ್‌ಬುಕ್ ಮುಂದಿನ ಕೆಲಸ. ಲೇಹ್ಯದ ಪುಟ ನೋಡಿದಾಗಿಂದ ಕೈ ತುರಿಸುತ್ತಿದೆ. ಅಲ್ಲಿ ಈ ಪದ ಬೇಕಾಗುತ್ತದೆ.

ಡೈರಿಗೆ ಬರುತ್ತೇನೆ. ಇಂಗ್ಲೆಂಡಿನವರೂ ಆಡುಮಾತಿನಲ್ಲಿ ಜೈಲಿನಲ್ಲಿದ್ದವರನ್ನು ‘ಇನ್‌ಸೈಡ್’ ಇದ್ದರು ಅಂತಾರೆ. ಥೇಟ್ ನಮ್ಮ ‘ಒಳಗೆ’! ಕಳ್ಳಕಾಕರಿಗೂ ಅದೇ ಮಾತು, ನಿಜ. ಕನ್ನಡದಲ್ಲೂ ಹಾಗೇ ತಾನೇ? ಪಕ್ಕದಲ್ಲೇ ಕೋರ್ಟಿನ ಮಾತಿದೆ, ಗೊಂದಲವಾಗುವುದಿಲ್ಲ. ದೊಡ್ಡಪ್ಪನ ಬಾಯಲ್ಲಿ ‘ವೆನ್ ವಿ ವರ್ ಇನ್‌ಸೈಡ್’, ನನ್ನ ಮುನ್ನುಡಿಯಲ್ಲಿ ‘ಹೆಲ್ಡ್ ವಿದೌಟ್ ಟ್ರಯಲ್’.

ಈಗ ‘ಪೆರೋಲ್’ ಹಿಡಿದು ಕೂತಿದ್ದೇನೆ. ನಮ್ಮಲ್ಲಿ ಅದು ಕೆಲವು ದಿನದ ಬಿಡುವು. ಅಮೆರಿಕದವರಿಗೆ ಶಿಕ್ಷೆ ಮುಗಿಯುವ ಮೊದಲೇ ಷರತ್ತಿನ ಮೇಲೆ ಬಿಡುವುದು. ಮೊಮ್ಮಗಳು ತಪ್ಪು ತಿಳಿಯಬಾರದು. ‘ಟೆಂಪರರಿ ರಿಲೀಸ್’ ಅಂತ ಬರೆದು ನೋಡುತ್ತಿದ್ದೇನೆ.